ಪಕ್ಷಪಾತದ ಆರೋಪ ಬಂದಾಗ ಹವಾಮಾನ ವಿಜ್ಞಾನಿ ಉತ್ತರಿಸುವ ಬಗೆ

ಹವಾಮಾನ ಬದಲಾವಣೆಯ ವಿಜ್ಞಾನವನ್ನು ಪರಾಮರ್ಶಿಸುವ ವಿಶ್ವಸಂಸ್ಥೆಯ ಸಮಿತಿಯಾದ ಐಪಿಸಿಸಿ 2007ರಲ್ಲಿ ಹೊರತಂದ ವರದಿಯ ಎರಡನೇ ಸಂಪುಟದಲ್ಲಿ, ಏಷ್ಯಾ ಖಂಡವನ್ನು ಕುರಿತ ಅಧ್ಯಾಯದೊಳಗೆ, ಹಿಮಾಲಯದ ಹಿಮನದಿಗಳು ಇದೇ ವೇಗದಲ್ಲಿ ಕರಗುತ್ತ ಹೋದರೆ 2035ರ ವೇಳೆಗೆ ಇಲ್ಲವಾಗುವ ಸಂಭವ ಬಹಳ ಹೆಚ್ಚು ಎಂಬ ಒಂದು ವಾಕ್ಯವಿತ್ತು. ಆ ವಾಕ್ಯ ತಪ್ಪಾಗಿತ್ತು. ಪರಿಸರ ಸಂಘಟನೆಯೊಂದರ 2005ರ ವರದಿಯಿಂದ ಅದನ್ನು ಎತ್ತಿಕೊಳ್ಳಲಾಗಿತ್ತು. ಆ ವರದಿ 1999ರ ಒಂದು ಪತ್ರಿಕಾ ಬರಹವನ್ನು ನಂಬಿತ್ತು. ವಾಕ್ಯದ ಪಕ್ಕದಲ್ಲೇ ಇದ್ದ ವಿಸ್ತೀರ್ಣದ ಅಂಕಿಗಳ ಜಾಡು ಹಿಡಿದು ಹೋದರೆ 1996ರ ದಾಖಲೆಯೊಂದು ಸಿಗುತ್ತದೆ, ಅದರಲ್ಲಿ ಇಸವಿ 2350 ಎಂದಿದೆ. ಕರಡನ್ನು ಪರಿಶೀಲಿಸಿದಾಗಲೇ ಜಪಾನ್ ಸರ್ಕಾರ ಈ ಮಾತು ಎಷ್ಟರ ಮಟ್ಟಿಗೆ ಖಚಿತ ಎಂದು ಕೇಳಿತ್ತು. ಆದರೂ ಯಾರೂ ಹಿಂದಕ್ಕೆ ಹೋಗಿ ಮೂಲವನ್ನು ತೆಗೆದು ನೋಡಲಿಲ್ಲ.

2009ರ ನವೆಂಬರ್‌ನಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯಲ್ಲಿ ಉಪ ಮಹಾನಿರ್ದೇಶಕರಾಗಿದ್ದು ನಿವೃತ್ತರಾದ ವಿ.ಕೆ. ರೈನಾ ಅವರ ಚರ್ಚಾಪತ್ರವೊಂದನ್ನು ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಬಿಡುಗಡೆ ಮಾಡಿದರು. ಹಿಮಾಲಯದ ಹಿಮನದಿಗಳ ಬಗ್ಗೆ ಹೇಳುತ್ತಿರುವಷ್ಟು ಗಾಬರಿಗೆ ಕ್ಷೇತ್ರಕಾರ್ಯದ ದಾಖಲೆಗಳಲ್ಲಿ ಆಧಾರವಿಲ್ಲ ಎಂಬುದು ಅದರ ಸಾರ. ಐಪಿಸಿಸಿ ಅಧ್ಯಕ್ಷ ರಾಜೇಂದ್ರ ಪಚೌರಿ ಅದನ್ನು ‘ವೂಡೂ ವಿಜ್ಞಾನ’ ಎಂದು ತಳ್ಳಿಹಾಕಿದರು. ಎರಡು ತಿಂಗಳು ಕಳೆದ ಮೇಲೆ, 2010ರ ಜನವರಿ 20ರಂದು, ಆ ಪ್ಯಾರಾಕ್ಕೆ ಸರಿಯಾದ ಆಧಾರವಿರಲಿಲ್ಲವೆಂದು ಐಪಿಸಿಸಿ ಒಪ್ಪಿಕೊಂಡು ವಿಷಾದ ವ್ಯಕ್ತಪಡಿಸಿತು. ಅಷ್ಟರಲ್ಲಿ ಕೋಪನ್‌ಹೇಗನ್‌ನ ಜಾಗತಿಕ ಹವಾಮಾನ ಶೃಂಗಸಭೆ ಮುಗಿದುಹೋಗಿತ್ತು. ಸಾವಿರಾರು ಪುಟಗಳ ವರದಿಯಲ್ಲಿ ಒಂದು ಪ್ಯಾರಾ ತಪ್ಪಾಗಿದ್ದಕ್ಕಿಂತ, ತಪ್ಪನ್ನು ತೋರಿಸಿದವರನ್ನು ಹೀಗಳೆದು ಕಳೆದ ಆ ಎರಡು ತಿಂಗಳು ಹೆಚ್ಚು ನಷ್ಟ ಮಾಡಿದವು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಂಥ ಎರಡು ತಿಂಗಳು ಮತ್ತೊಬ್ಬ ವಿಜ್ಞಾನಿಯ ಬಾಳಿನಲ್ಲಿ ಬಾರದಿರಲೆಂದು, ಈ ಕ್ಷೇತ್ರದಲ್ಲಿ ಈಗ ಕೆಲಸ ಮಾಡುತ್ತಿರುವವರಿಗೂ ಸಂಶೋಧನೆಗೆ ಕಾಲಿಡುತ್ತಿರುವ ವಿದ್ಯಾರ್ಥಿಗಳಿಗೂ ಈ ಬರಹ.

ಕೇಳುತ್ತಿರುವವರು ಯಾರು?

ಉತ್ತರಕ್ಕೆ ಬಾಯಿ ತೆರೆಯುವ ಮೊದಲು ಎದುರಿಗಿರುವವರು ಯಾರೆಂದು ತಿಳಿದುಕೊಳ್ಳಬೇಕು. ರೈನಾ ಅವರು ದಶಕಗಳ ಕಾಲ ಹಿಮನದಿಗಳ ಮೇಲೆ ನಡೆದಾಡಿ ಅಳತೆ ಮಾಡಿದವರು. ಅವರ ತೀರ್ಮಾನದ ಎಲ್ಲವನ್ನೂ ಒಪ್ಪಬೇಕಾಗಿಲ್ಲ, ಆದರೆ ಅವರನ್ನು ವಿಜ್ಞಾನದ ವೈರಿಗಳ ಸಾಲಿಗೆ ನೂಕುವುದಕ್ಕೆ ಕಾರಣವೇ ಇರಲಿಲ್ಲ. ಸಂಶಯಪಡುವುದು ವಿಜ್ಞಾನಿಯ ಕಸುಬು. ಸಂಶಯವನ್ನು ಮಾರಾಟದ ಸರಕಾಗಿ ಮಾಡಿಕೊಂಡವರು ಬೇರೆ. 1969ರಲ್ಲಿ ಅಮೆರಿಕದ ತಂಬಾಕು ಕಂಪನಿಯೊಂದರ ಒಳಗಿನ ಟಿಪ್ಪಣಿಯಲ್ಲಿ ‘ಸಂಶಯವೇ ನಮ್ಮ ಉತ್ಪನ್ನ’ ಎಂದು ಬರೆದದ್ದು ಇಂದು ಸಾರ್ವಜನಿಕ ದಾಖಲೆಯಾಗಿದೆ. ತೈಲ ಕಂಪನಿ ಎಕ್ಸಾನ್‌ನ ಸ್ವಂತ ವಿಜ್ಞಾನಿಗಳು 1977ರಿಂದ 2003ರವರೆಗೆ ಮಾಡಿದ್ದ ತಾಪಮಾನದ ಮುನ್ನಂದಾಜುಗಳನ್ನು 2023ರಲ್ಲಿ ‘ಸೈನ್ಸ್’ ಪತ್ರಿಕೆಯ ಅಧ್ಯಯನವೊಂದು ನಿಜವಾಗಿ ಆದ ಏರಿಕೆಯೊಂದಿಗೆ ಹೋಲಿಸಿ ನೋಡಿದಾಗ, ಅವುಗಳಲ್ಲಿ ಶೇ 63ರಿಂದ 83ರಷ್ಟು ನಿಖರವಾಗಿದ್ದವು. ಒಳಗೆ ಸರಿಯಾದ ಲೆಕ್ಕ ಇಟ್ಟುಕೊಂಡು ಹೊರಗೆ ಸಂಶಯ ಹಂಚುವವರಿಗೆ ಲೆಕ್ಕ ತೋರಿಸಿ ಪ್ರಯೋಜನವಿಲ್ಲ, ಏಕೆಂದರೆ ಅದು ಅವರಿಗೆ ಗೊತ್ತಿರುವುದೇ. ಅಂಥವರ ಮಾತನ್ನು ಕೇಳಿಸಿಕೊಂಡ ಮೂರನೆಯವರಿಗೆ ಉತ್ತರ ಕೊಡಬೇಕು.

ಇವರಿಬ್ಬರನ್ನೂ ಬೇರ್ಪಡಿಸಲು ಒಂದು ಸರಳ ಪರೀಕ್ಷೆಯಿದೆ. ಪ್ರಾಮಾಣಿಕವಾಗಿ ಕೇಳಿದವರು ಉತ್ತರ ಸಿಕ್ಕ ಮೇಲೆ ಅದೇ ವಿಷಯದಲ್ಲಿ ಇನ್ನೊಂದು ಹೆಜ್ಜೆ ಆಳಕ್ಕೆ ಹೋಗುತ್ತಾರೆ. ಅಲ್ಲಗಳೆಯಲೆಂದೇ ಬಂದವರು ಮೊದಲ ಪ್ರಶ್ನೆಯನ್ನು ಅಲ್ಲೇ ಬಿಟ್ಟು ಸೂರ್ಯನಿಂದ ಜ್ವಾಲಾಮುಖಿಗೆ, ಜ್ವಾಲಾಮುಖಿಯಿಂದ ಹಣದ ಮೂಲಕ್ಕೆ ಹಾರುತ್ತಾರೆ, ಮಾರನೆಯ ವಾರ ಬೇರೆ ಸಭೆಯಲ್ಲಿ ಮೊದಲ ಪ್ರಶ್ನೆಯನ್ನೇ ಮತ್ತೆ ಕೇಳುತ್ತಾರೆ. ಈ ಗುರುತು ಸಿಗುವವರೆಗೂ ಎದುರಿಗಿರುವವರು ಪ್ರಾಮಾಣಿಕರೆಂದೇ ನಡೆದುಕೊಳ್ಳುವುದು ಒಳ್ಳೆಯದು, ಏಕೆಂದರೆ ಪ್ರಾಮಾಣಿಕರನ್ನು ಒಮ್ಮೆ ಅವಮಾನಿಸಿದರೆ ಅವರು ಮತ್ತೆ ನಮ್ಮ ಕಡೆಗೆ ಬರುವುದಿಲ್ಲ.

ನಮ್ಮ ಹಳ್ಳಿಗಳ ಸಭೆಯಲ್ಲಿ ಸಾಮಾನ್ಯವಾಗಿ ಬರುವ ಪ್ರಶ್ನೆ, “ಬರಗಾಲ ನಮ್ಮ ತಾತನ ಕಾಲದಲ್ಲೂ ಬಂದಿತ್ತಲ್ಲ ಸ್ವಾಮಿ, ಆಗ ಯಾವ ಕಾರು, ಯಾವ ಕಾರ್ಖಾನೆ ಇತ್ತು?” ಎಂಬುದು. ಇದನ್ನು ನಿರಾಕರಣೆ ಎಂದು ಕರೆಯುವುದು ಅನ್ಯಾಯ. ಮೊದಲು ಹೌದು ಎನ್ನಬೇಕು: 1876ರಿಂದ 1878ರವರೆಗೆ ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನರನ್ನು ಬಲಿತೆಗೆದುಕೊಂಡ ಕ್ಷಾಮ ಬಂದಾಗ ಗಾಳಿಯಲ್ಲಿದ್ದ ಇಂಗಾಲದ ಡೈಆಕ್ಸೈಡ್ ಇಂದಿಗಿಂತ ಎಷ್ಟೋ ಕಡಿಮೆ, ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬಿಸಿಯಾಗುವ ಎಲ್ ನಿನೊ ಪ್ರಬಲವಾಗಿ ಬಂದು ಆಗ ಮಳೆಯನ್ನು ಕೆಡಿಸಿತ್ತು. ಸಹಜವಾದ ಏರಿಳಿತ ಹಿಂದೆಯೂ ಇತ್ತು, ಮುಂದೆಯೂ ಇರುತ್ತದೆ. ಈಗ ಆ ಏರಿಳಿತದ ಅಡಿಗಟ್ಟೇ ಮೇಲೇರುತ್ತಿದೆ ಎಂಬುದು ನಾವು ಹೇಳುತ್ತಿರುವ ಹೊಸ ಸಂಗತಿ. ಹೀಗೆ ಅವರ ಅನುಭವವನ್ನು ಒಪ್ಪಿಕೊಂಡು ಮುಂದುವರಿದರೆ ಸಭೆ ಕೇಳುತ್ತದೆ.

ಅಂಕಿ ತಿದ್ದಿದ್ದಾರೆ ಎಂಬ ಆರೋಪ

ಹವಾಮಾನ ವಿಜ್ಞಾನಿಗಳು ಎದುರಿಸುವ ಆರೋಪಗಳಲ್ಲಿ ಬಹಳ ಗಂಭೀರವಾದದ್ದು ಇದು, ಹೆಚ್ಚು ಹೊತ್ತು ಕೊಟ್ಟು ಉತ್ತರಿಸಬೇಕಾದದ್ದೂ ಇದೇ. ‘ಥರ್ಮಾಮೀಟರ್ ತೋರಿಸಿದ ಅಂಕಿಯನ್ನು ನೀವು ಬದಲಾಯಿಸಿದ್ದೀರಿ’ ಎಂದು ಯಾರಾದರೂ ಹೇಳಿದರೆ, ಇಲ್ಲ ಎಂದು ಹೇಳಬೇಡಿ. ಬದಲಾಯಿಸಿರುವುದು ನಿಜ. ಯಾವುದನ್ನು, ಏಕೆ, ಎಷ್ಟು ಎಂಬುದನ್ನು ಕೈಯಲ್ಲಿ ಹಿಡಿದು ತೋರಿಸುವ ಹಾಗೆ ವಿವರಿಸಿ.

ಸಮುದ್ರದ ನೀರಿನ ತಾಪಮಾನವನ್ನೇ ತೆಗೆದುಕೊಳ್ಳೋಣ. ಎರಡನೇ ಮಹಾಯುದ್ಧಕ್ಕೆ ಮೊದಲು ಹಡಗಿನವರು ಹಗ್ಗ ಕಟ್ಟಿದ ಬಕೆಟ್ಟನ್ನು ಸಮುದ್ರಕ್ಕೆ ಇಳಿಬಿಟ್ಟು ನೀರು ಸೇದಿ, ಮೇಲೆಳೆದು, ಅದರಲ್ಲಿ ಥರ್ಮಾಮೀಟರ್ ಅದ್ದಿ ನೋಡುತ್ತಿದ್ದರು. ಬಹಳ ಬಕೆಟ್ಟುಗಳು ಕ್ಯಾನ್ವಾಸ್ ಬಟ್ಟೆಯವು. ಮಣ್ಣಿನ ಮಡಕೆಯ ಮೈ ಜಿನುಗಿ ಒಳಗಿನ ನೀರು ತಣ್ಣಗಾಗುವುದನ್ನು ಬೇಸಿಗೆಯಲ್ಲಿ ಕಂಡ ಯಾರಿಗೂ ಇಲ್ಲಿ ಆಗುತ್ತಿದ್ದದ್ದು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ: ಡೆಕ್ಕಿನ ಗಾಳಿಗೆ ಒದ್ದೆಯಾದ ಕ್ಯಾನ್ವಾಸಿನ ನೀರು ಆವಿಯಾಗಿ, ಓದಿಕೊಳ್ಳುವ ಹೊತ್ತಿಗೆ ನೀರು ಸಮುದ್ರದಲ್ಲಿದ್ದದ್ದಕ್ಕಿಂತ ಒಂದಿಷ್ಟು ತಂಪಾಗಿರುತ್ತಿತ್ತು. ಆಮೇಲೆ ಎಂಜಿನ್ ತಂಪುಮಾಡಲು ಒಳಗೆಳೆದುಕೊಳ್ಳುವ ನೀರನ್ನು ಅಳೆಯುವ ಪದ್ಧತಿ ಹೆಚ್ಚಾಯಿತು; ಆ ನೀರು ಎಂಜಿನ್ ಕೋಣೆಯ ಶಾಖಕ್ಕೆ ತುಸು ಬೆಚ್ಚಗಿರುತ್ತದೆ. ಈಗ ಸಮುದ್ರದಲ್ಲಿ ತೇಲುವ ಬೋಯ್‌ಗಳು ನೀರಿನಲ್ಲೇ ಇದ್ದು ಅಳೆಯುತ್ತವೆ. ಮೂರು ಬಗೆಯ ಅಳತೆಗಳನ್ನು ಒಂದೇ ಸಾಲಿನಲ್ಲಿ ಜೋಡಿಸಬೇಕಾದರೆ ಹಳೆಯ ಬಕೆಟ್ಟಿನ ಅಂಕಿಗಳನ್ನು ಸ್ವಲ್ಪ ಮೇಲಕ್ಕೆ ಎತ್ತದೆ ಬೇರೆ ದಾರಿಯಿಲ್ಲ.

ಹಳೆಯ ಅಂಕಿಗಳನ್ನು ಮೇಲೆತ್ತಿದರೆ ಏನಾಗುತ್ತದೆ? ಅಂದಿಗೂ ಇಂದಿಗೂ ಇರುವ ಅಂತರ ಕಡಿಮೆಯಾಗುತ್ತದೆ. ಅಂದರೆ ನೆಲ ಮತ್ತು ಸಮುದ್ರ ಎರಡನ್ನೂ ಕೂಡಿಸಿ ನೋಡಿದಾಗ, ವಿಜ್ಞಾನಿಗಳು ಮಾಡಿದ ತಿದ್ದುಪಡಿಗಳಿಂದ ದೀರ್ಘಕಾಲದ ಜಾಗತಿಕ ತಾಪಮಾನ ಏರಿಕೆ ಮೂಲ ಅಂಕಿಗಳು ತೋರಿಸುವುದಕ್ಕಿಂತ ಕಡಿಮೆಯೇ ಆಗಿದೆ. ಬಿಸಿಯನ್ನು ಹೆಚ್ಚಿಸಿ ತೋರಿಸಲು ಹೊರಟವರು ಇಂಥ ತಿದ್ದುಪಡಿ ಮಾಡುತ್ತಿರಲಿಲ್ಲ. ಈ ಒಂದು ಸಂಗತಿ ಹೇಳಿದಾಗ, ತಮ್ಮ ಪ್ರಶ್ನೆಗೆ ನೇರ ಉತ್ತರ ಸಿಕ್ಕಿತೆಂಬ ಸಮಾಧಾನ ಕೇಳಿದವರಿಗೆ ಆಗುತ್ತದೆ.

2015ರಲ್ಲಿ ಸಾಗರ ಮತ್ತು ವಾತಾವರಣವನ್ನು ನೋಡಿಕೊಳ್ಳುವ ಅಮೆರಿಕ ಸರ್ಕಾರದ ನೋವಾ ಸಂಸ್ಥೆಯ ವಿಜ್ಞಾನಿಗಳು ಹಡಗು ಮತ್ತು ಬೋಯ್ ಅಳತೆಗಳ ನಡುವಿನ ವ್ಯತ್ಯಾಸವನ್ನು ಸರಿಪಡಿಸಿ, 1998ರ ನಂತರ ತಾಪಮಾನ ಏರಿಕೆ ನಿಂತೇಹೋಗಿದೆ ಎಂಬ ಮಾತು ಸರಿಯಲ್ಲವೆಂದು ಪ್ರಕಟಿಸಿದಾಗ, ಆ ದೇಶದ ಸಂಸತ್ತಿನ ಸಮಿತಿಯೊಂದು ಅವರ ಪತ್ರವ್ಯವಹಾರವನ್ನೇ ಒಪ್ಪಿಸುವಂತೆ ಆದೇಶ ಕಳಿಸಿತು. ವಾದ ಬಹಳ ದಿನ ನಡೆಯಿತು. ಅದನ್ನು ಬಗೆಹರಿಸಿದ್ದು ಸಂಸ್ಥೆಗೆ ಸಂಬಂಧವಿಲ್ಲದ ಬೇರೊಂದು ತಂಡ: ಬೋಯ್‌ಗಳನ್ನು ಮಾತ್ರ, ಉಪಗ್ರಹಗಳನ್ನು ಮಾತ್ರ, ಸಾಗರದಾಳಕ್ಕಿಳಿಯುವ ಆರ್ಗೋ ತೇಲುಯಂತ್ರಗಳನ್ನು ಮಾತ್ರ ಬಿಡಿಬಿಡಿಯಾಗಿ ತೆಗೆದುಕೊಂಡು ನೋಡಿ, ಹೊಸ ಲೆಕ್ಕವೇ ಸರಿಯೆಂದು ಅದು 2017ರ ಜನವರಿಯಲ್ಲಿ ಪ್ರಕಟಿಸಿತು. ಆರೋಪ ಹೊತ್ತವರು ತಮ್ಮ ನಿರ್ದೋಷವನ್ನು ತಾವೇ ಸಾರುವುದಕ್ಕಿಂತ, ಬೇರೆಯವರು ಬೇರೆ ದಾರಿಯಿಂದ ಬಂದು ಅದೇ ಜಾಗ ಮುಟ್ಟಿದ್ದನ್ನು ತೋರಿಸುವುದಕ್ಕೆ ತೂಕ ಹೆಚ್ಚು. ಬರ್ಕ್ಲಿಯ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ತಾಪಮಾನದ ದಾಖಲೆಗಳನ್ನು ನಂಬದೆ ತಾವೇ ತಂಡ ಕಟ್ಟಿ, ತೈಲೋದ್ಯಮಿ ಚಾರ್ಲ್ಸ್ ಕೋಕ್ ಅವರ ದತ್ತಿಸಂಸ್ಥೆಯಿಂದಲೂ ಹಣ ಪಡೆದು, ಮೊದಲಿನಿಂದ ಲೆಕ್ಕ ಹಾಕಿದರು. 2012ರಲ್ಲಿ ಏರಿಕೆ ನಿಜ, ಅದಕ್ಕೆ ಕಾರಣ ಬಹುತೇಕ ಮನುಷ್ಯರೇ ಎಂದು ಬಹಿರಂಗವಾಗಿ ಬರೆದರು.

ಇದರ ಜೊತೆಗೆ ಇನ್ನೊಂದು ಪ್ರಸಂಗವನ್ನು ನೆನಪಿನಲ್ಲಿಟ್ಟುಕೊಳ್ಳಿ. 1990ರ ದಶಕದಲ್ಲಿ ಅಲಬಾಮದ ಹಂಟ್ಸ್‌ವಿಲ್‌ನ ಇಬ್ಬರು ವಿಜ್ಞಾನಿಗಳ ಉಪಗ್ರಹ ಆಧಾರಿತ ದಾಖಲೆ ವಾತಾವರಣ ಬಿಸಿಯಾಗುತ್ತಿಲ್ಲವೆಂದು ತೋರಿಸುತ್ತಿತ್ತು. ಉಪಗ್ರಹ ಕಕ್ಷೆಯಲ್ಲಿ ಕೆಳಗಿಳಿಯುವುದನ್ನು ಅದರಲ್ಲಿ ಲೆಕ್ಕಕ್ಕೆ ಹಿಡಿದಿಲ್ಲವೆಂದು 1998ರಲ್ಲಿ ಬೇರೆಯವರು ತೋರಿಸಿದರು. 2005ರಲ್ಲಿ ಹಗಲು-ರಾತ್ರಿಯ ತಿದ್ದುಪಡಿಯಲ್ಲಿ ಕೂಡಬೇಕಾದಲ್ಲಿ ಕಳೆದಿದ್ದಾರೆಂಬ ತಪ್ಪು ಸಿಕ್ಕಿತು. ಅವರು ಅದನ್ನು ಒಪ್ಪಿ ಸರಿಪಡಿಸಿದರು. ತಪ್ಪು ಯಾವ ಕಡೆಯಿಂದಲೂ ಆಗಬಹುದು, ಅದನ್ನು ಹಿಡಿಯುವ ಏರ್ಪಾಡು ಎರಡೂ ಕಡೆಗೆ ಒಂದೇ ರೀತಿ ಕೆಲಸ ಮಾಡುತ್ತದೆ ಎಂದು ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಆದರೆ ಎದುರಾಳಿಯನ್ನು ಚುಚ್ಚಲು ಇದನ್ನು ಬಳಸಿದರೆ ಅದರ ಬೆಲೆ ಹೋಗುತ್ತದೆ.

ಪಶ್ಚಿಮದವರ ಪಿತೂರಿ ಎಂಬ ಮಾತಿಗೆ

ಭಾರತದಲ್ಲಿ ಕೆಲಸ ಮಾಡುವವರು ಅಮೆರಿಕದ ವಿಜ್ಞಾನಿಗಳು ಕೇಳದ ಒಂದು ಆರೋಪ ಕೇಳಬೇಕಾಗುತ್ತದೆ: ಇದು ಶ್ರೀಮಂತ ದೇಶಗಳು ನಮ್ಮ ಬೆಳವಣಿಗೆಗೆ ಅಡ್ಡಹಾಕಲು ಹೂಡಿದ ಆಟ, ನೀವು ಅವರ ಪರವಾಗಿ ಮಾತಾಡುತ್ತಿದ್ದೀರಿ. ಈ ಆರೋಪದ ಹಿಂದೆ ನಿಜವಾದ ಒಂದು ನೋವಿದೆ. ಅದನ್ನು ತಿಳಿಯದೆ ಉತ್ತರಿಸಲು ಹೋಗಬಾರದು.

1990ರ ಸುಮಾರಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜಿನಲ್ಲಿ ಭಾರತದ ಭತ್ತದ ಗದ್ದೆಗಳು ಬಿಸಿಯನ್ನು ಹಿಡಿದಿಡುವ ಅನಿಲವಾದ ಮೀಥೇನನ್ನು ವರ್ಷಕ್ಕೆ ಸುಮಾರು 3.8 ಕೋಟಿ ಟನ್ ಹೊರಬಿಡುತ್ತಿದ್ದವು. ಬೇರೆ ದೇಶಗಳ ಗದ್ದೆಗಳಲ್ಲಿ ಅಳೆದದ್ದನ್ನು ನಮ್ಮ ಗದ್ದೆಗಳ ವಿಸ್ತೀರ್ಣದಿಂದ ಗುಣಿಸಿ ಪಡೆದ ಅಂಕಿ ಅದು. ಅಂಥ ಅಂಕಿಗಳ ಮೇಲೆ ಯಾವ ದೇಶ ಎಷ್ಟು ಹೊಣೆ ಎಂಬ ಪಟ್ಟಿಗಳು ತಯಾರಾಗುತ್ತಿದ್ದವು. ಹೊಟ್ಟೆಪಾಡಿನ ಭತ್ತವನ್ನೂ ಐಷಾರಾಮದ ಕಾರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯವೆಂದು ದೆಹಲಿಯ ಪರಿಸರವಾದಿಗಳಾದ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲಿ ವಾದಿಸಿದರು. ಅದೇ ವರ್ಷ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ.ಪಿ. ಮಿತ್ರ ಅವರ ಮುಂದಾಳತ್ವದಲ್ಲಿ ದೇಶದ ಹಲವು ಭತ್ತದ ಸೀಮೆಗಳಲ್ಲಿ ಅಳತೆ ನಡೆಯಿತು.

ಈ ಅಳತೆ ಹೇಗೆ ನಡೆಯುತ್ತದೆ ಎಂಬುದನ್ನು ಸಭೆಯಲ್ಲಿ ವಿವರಿಸುವುದು ಯಾವ ಭಾಷಣಕ್ಕಿಂತಲೂ ಪರಿಣಾಮಕಾರಿ. ಗದ್ದೆಯ ಕೆಸರಿನಲ್ಲಿ ಒಂದು ಚೌಕಟ್ಟನ್ನು ಊರಿ, ಕೆಲವು ಭತ್ತದ ಬುಡಗಳನ್ನು ಮುಚ್ಚುವಂತೆ ಅದರ ಮೇಲೆ ಪಾರದರ್ಶಕ ಪೆಟ್ಟಿಗೆಯೊಂದನ್ನು ಬೋರಲು ಹಾಕುತ್ತಾರೆ. ಚೌಕಟ್ಟಿನ ಕಾಲುವೆಯಲ್ಲಿ ನೀರು ತುಂಬಿರುವುದರಿಂದ ಗಾಳಿ ಆಚೀಚೆ ಹೋಗದು. ಕೆಲವು ನಿಮಿಷಗಳಿಗೊಮ್ಮೆ ಸಿರಿಂಜಿನಿಂದ ಒಳಗಿನ ಗಾಳಿಯನ್ನು ಎಳೆದು ಸೀಸೆಗೆ ತುಂಬಿ ಪ್ರಯೋಗಾಲಯಕ್ಕೆ ಒಯ್ದು, ಮೀಥೇನ್ ಎಷ್ಟು ಹೆಚ್ಚಿತೆಂದು ನೋಡುತ್ತಾರೆ. ಹೀಗೆ ಅಳೆದಾಗ ಸಿಕ್ಕ ಒಟ್ಟು ಮೊತ್ತ ವರ್ಷಕ್ಕೆ ಸುಮಾರು 40 ಲಕ್ಷ ಟನ್, ಹೇಳಿದ್ದರ ಹತ್ತನೇ ಒಂದು ಭಾಗದ ಆಸುಪಾಸು. ಸದಾ ನೀರು ನಿಂತ ಕೆಸರಿನಲ್ಲಿ ಮೀಥೇನ್ ಹುಟ್ಟುತ್ತದೆ. ನಮ್ಮ ಎಷ್ಟೋ ಗದ್ದೆಗಳು ಮಳೆಯನ್ನು ನಂಬಿದವು, ನಡುನಡುವೆ ಆರುತ್ತವೆ, ಮಣ್ಣಿನಲ್ಲಿ ಸಾವಯವ ಇಂಗಾಲವೂ ಕಡಿಮೆ.

ಪಕ್ಷಪಾತವಿತ್ತೇ? ಆ ಅಂದಾಜಿನಲ್ಲಿ ಇತ್ತು. ಅದಕ್ಕೆ ಮದ್ದಾದದ್ದು ಗದ್ದೆಗಿಳಿದು ಮಾಡಿದ ಅಳತೆ. ಅದೇ ಅಳತೆಯ ಶಿಸ್ತು ಹಿಮಾಚಲದ ಛೋಟಾ ಶಿಗ್ರಿ ಹಿಮನದಿಯ ಮೇಲೆ 2002ರಿಂದ ಕಂಬ ನೆಟ್ಟು ಪ್ರತಿ ವರ್ಷ ಮಂಜು ಎಷ್ಟು ಇಳಿಯಿತೆಂದು ನೋಡುತ್ತಿದೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಹವಾಮಾನ ಬದಲಾವಣೆ ಕೇಂದ್ರದಲ್ಲಿ ಉಪಗ್ರಹ ಚಿತ್ರಗಳಿಂದ ಹಿಮನದಿಗಳನ್ನು ಅಳೆಯುತ್ತಿದೆ. ಹಿಮಾಲಯದ ದೇಶಗಳು ಸೇರಿ ನಡೆಸುವ ಕಠ್ಮಂಡುವಿನ ಪರ್ವತ ಅಧ್ಯಯನ ಸಂಸ್ಥೆ ಐಸಿಮೋಡ್ 2019ರಲ್ಲಿ ಪ್ರಕಟಿಸಿದ ಸಮಗ್ರ ವರದಿಯ ಪ್ರಕಾರ ಏರಿಕೆಯನ್ನು 1.5 ಡಿಗ್ರಿಗೆ ತಡೆದರೂ ಹಿಂದೂಕುಷ್-ಹಿಮಾಲಯದ ಹಿಮನದಿಗಳಲ್ಲಿ ಮೂರನೇ ಒಂದು ಭಾಗ ಈ ಶತಮಾನದ ಕೊನೆಗೆ ಕರಗಿಹೋಗುತ್ತದೆ. 2035ರ ಸುಳ್ಳು ಇಸವಿಯಷ್ಟು ಗಾಬರಿ ಹುಟ್ಟಿಸುವ ಮಾತಲ್ಲ ಇದು, ಆದರೆ ಇದಕ್ಕೆ ಆಧಾರವಿದೆ. ಭಾರತದ ತಲಾ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ ವರ್ಷಕ್ಕೆ ಸುಮಾರು 2 ಟನ್, ಅಮೆರಿಕದ್ದು ಅದರ ಆರೇಳು ಪಟ್ಟು ಎಂಬುದನ್ನೂ ಇದೇ ಉಸಿರಿನಲ್ಲಿ ಹೇಳಿ. ಹೊಣೆ ಯಾರದೆಂಬ ನ್ಯಾಯದ ಪ್ರಶ್ನೆ ಎಷ್ಟೇ ಬಿಸಿಯಾಗಿರಲಿ, ಅದರಿಂದ ಭೌತವಿಜ್ಞಾನ ಬದಲಾಗುವುದಿಲ್ಲ. ಭೌತವಿಜ್ಞಾನ ಖಚಿತವಾಗಿದೆ ಎಂಬುದರಿಂದ ನ್ಯಾಯದ ಪ್ರಶ್ನೆ ಕರಗಿಹೋಗುವುದೂ ಇಲ್ಲ.

ಒಂದು ತೊಡಕನ್ನು ನೀವಾಗಿಯೇ ಮುಂದಿಡಬೇಕು. 1901ರಿಂದ 2018ರವರೆಗೆ ಭಾರತದ ಸರಾಸರಿ ತಾಪಮಾನ ಸುಮಾರು 0.7 ಡಿಗ್ರಿ ಏರಿದೆ ಎಂದು ಕೇಂದ್ರದ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. ಇದು ಜಗತ್ತಿನ ಸರಾಸರಿಗಿಂತ ಕಡಿಮೆ. ಗಾಳಿಯಲ್ಲಿರುವ ಹೊಗೆ-ದೂಳಿನ ಕಣಗಳು ಬಿಸಿಲನ್ನು ತಡೆಯುವುದೂ ನೀರಾವರಿಯಿಂದ ನೆಲ ತಂಪಾಗುವುದೂ ಇದಕ್ಕೆ ಕಾರಣಗಳೆಂದು ತಜ್ಞರು ಹೇಳುತ್ತಾರೆ. ಇದನ್ನು ನೀವು ಹೇಳದೆ ಬಿಟ್ಟು ಎದುರಿನವರು ಹೇಳಿದರೆ, ಮುಚ್ಚಿಟ್ಟಿರಿ ಎಂಬ ಹೊಸ ಆರೋಪಕ್ಕೆ ದಾರಿಯಾಗುತ್ತದೆ.

ಕಡತ ತೆರೆದಿಡುವುದು

ಇಂಗ್ಲೆಂಡಿನ ನಾರಿಚ್‌ನಲ್ಲಿರುವ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಹವಾಮಾನ ಸಂಶೋಧನಾ ಘಟಕದಿಂದ 2009ರ ನವೆಂಬರ್‌ನಲ್ಲಿ ಸಾವಿರಕ್ಕೂ ಹೆಚ್ಚು ಇಮೇಲ್‌ಗಳು ಕಳವಾಗಿ ಹೊರಬಿದ್ದವು. ಘಟಕದ ಮುಖ್ಯಸ್ಥ ಫಿಲ್ ಜೋನ್ಸ್ 1999ರಲ್ಲಿ ಬರೆದ ಒಂದು ಪತ್ರದ ‘ಟ್ರಿಕ್’ ಮತ್ತು ‘ಇಳಿಕೆಯನ್ನು ಮರೆಮಾಡಲು’ ಎಂಬ ಪದಗಳು ಜಗತ್ತಿನಾದ್ಯಂತ ಸುತ್ತಿದವು. ಆ ‘ಇಳಿಕೆ’ ಭೂಮಿಯ ತಾಪಮಾನದ್ದಾಗಿರಲಿಲ್ಲ. ಹಳೆಯ ಕಾಲದ ತಾಪಮಾನವನ್ನು ಅಂದಾಜಿಸಲು ಮರದ ಉಂಗುರಗಳನ್ನು ಬಳಸುತ್ತಾರೆ; ಉತ್ತರದ ಕೆಲವು ಕಾಡುಗಳ ಮರದ ಉಂಗುರಗಳು 1960ರ ನಂತರ ತಾಪಮಾನದ ಜೊತೆ ಹೊಂದಿಕೊಳ್ಳದೆ ಕೆಳಮುಖವಾಗಿ ಹೋಗುತ್ತವೆ. ಆ ಭಾಗವನ್ನು ಬಿಟ್ಟು ಥರ್ಮಾಮೀಟರ್‌ನ ಅಂಕಿ ಸೇರಿಸಿ ಒಂದು ರೇಖಾಚಿತ್ರ ಬರೆಯಲಾಗಿತ್ತು. ಉಂಗುರಗಳ ಈ ತೊಂದರೆ ಆಗಲೇ ಪ್ರಕಟವಾದ ಪ್ರಬಂಧಗಳಲ್ಲಿ ಇತ್ತು. ಆದರೆ ಆ ನಿರ್ದಿಷ್ಟ ಚಿತ್ರದ ಜೊತೆಗೆ ಅದನ್ನು ಬರೆಯದಿದ್ದದ್ದು ದಾರಿತಪ್ಪಿಸುವಂಥದ್ದೆಂದು ಮ್ಯೂರ್ ರಸೆಲ್ ನೇತೃತ್ವದ ತನಿಖಾ ಸಮಿತಿ 2010ರ ಜುಲೈನಲ್ಲಿ ಹೇಳಿತು.

ಅದೇ ಸಮಿತಿ ವಿಜ್ಞಾನಿಗಳ ಪ್ರಾಮಾಣಿಕತೆಯಲ್ಲಿ ಸಂಶಯವಿಲ್ಲವೆಂದೂ, ಆದರೆ ಅವರು ಬೇಕಾದಷ್ಟು ಮುಕ್ತವಾಗಿ ನಡೆದುಕೊಳ್ಳಲಿಲ್ಲವೆಂದೂ ಹೇಳಿತು. ಮೊದಲ ಭಾಗವನ್ನಷ್ಟೇ ನೆನಪಿಟ್ಟುಕೊಳ್ಳುವ ವಿಜ್ಞಾನಿಗಳು ಎರಡನೆಯದನ್ನೂ ಓದಬೇಕು. ತಾವು 25 ವರ್ಷ ದುಡಿದು ಕೂಡಿಸಿದ್ದನ್ನು ತಪ್ಪು ಹುಡುಕಲೆಂದೇ ಬಂದವರಿಗೆ ಏಕೆ ಕೊಡಬೇಕೆಂಬ ಅರ್ಥದಲ್ಲಿ ಜೋನ್ಸ್ ಒಮ್ಮೆ ಬರೆದಿದ್ದರು. ಆ ಸಂಕಟ ನನಗೆ ಅರ್ಥವಾಗುತ್ತದೆ. 2009ರ ಜುಲೈ ಒಂದೇ ತಿಂಗಳಲ್ಲಿ ಆ ಸಣ್ಣ ಘಟಕಕ್ಕೆ ಹತ್ತಾರು ಮಾಹಿತಿ ಕೋರಿಕೆಗಳು ಬಂದು ಬಿದ್ದಿದ್ದವು. ಆದರೂ ತಪ್ಪು ಹುಡುಕಲು ಬಂದವರಿಗೇ ಮೊದಲು ಕೊಡಬೇಕು. ತಪ್ಪು ಸಿಕ್ಕರೆ ಲಾಭ ನಮಗೆ, ಸಿಗದಿದ್ದರೆ ಅವರ ಬಾಯಿಂದಲೇ ನಮಗೆ ಪ್ರಮಾಣಪತ್ರ. ತನಿಖಾ ಸಮಿತಿಯವರು ತಾವೇ ಸಾರ್ವಜನಿಕ ಅಂಕಿಅಂಶಗಳನ್ನು ಇಳಿಸಿಕೊಂಡು, ಎರಡು ದಿನದೊಳಗೆ ಪ್ರೋಗ್ರಾಂ ಬರೆದು, ಅದೇ ತಾಪಮಾನದ ರೇಖೆಯನ್ನು ಪಡೆದರು. ಇಷ್ಟು ಸುಲಭವೆಂಬುದನ್ನು ವರ್ಷಗಳ ಮೊದಲೇ ತೋರಿಸಿದ್ದಿದ್ದರೆ ಎಷ್ಟು ಮಾತು ಉಳಿಯುತ್ತಿತ್ತು!

ಆದ್ದರಿಂದ ಪ್ರಬಂಧ ಪ್ರಕಟವಾಗುವ ದಿನವೇ ಮೂಲ ಅಂಕಿ, ತಿದ್ದಿದ ಅಂಕಿ, ತಿದ್ದಲು ಬಳಸಿದ ಪ್ರೋಗ್ರಾಂ, ಯಾವ ಕೇಂದ್ರವನ್ನು ಏಕೆ ಕೈಬಿಟ್ಟಿರಿ ಎಂಬ ಟಿಪ್ಪಣಿ, ಇಷ್ಟನ್ನೂ ಯಾರಾದರೂ ತೆಗೆದುಕೊಳ್ಳುವ ಹಾಗೆ ಇಡಿ. ಕೆಲವು ಅಂಕಿಗಳು ಬೇರೆ ದೇಶದ ಹವಾಮಾನ ಇಲಾಖೆಗೆ ಸೇರಿದ್ದು ಹಂಚಲು ನಿಮಗೆ ಅಧಿಕಾರವಿಲ್ಲದಿದ್ದರೆ, ಯಾವುವು, ಯಾರಲ್ಲಿ ಕೇಳಬೇಕು ಎಂದು ಮೊದಲ ದಿನವೇ ಬರೆದಿಡಿ. ಕೇಳಿದ ಮೇಲೆ ಹೇಳಿದರೆ ಅದು ನೆಪದಂತೆ ಕಾಣುತ್ತದೆ. ನಮ್ಮಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಬಂದರೆ 30 ದಿನದೊಳಗೆ ಉತ್ತರಿಸಬೇಕು. ಅದನ್ನು ಕಿರುಕುಳವೆಂದು ಭಾವಿಸುವ ಬದಲು, ಅಂಥ ಅರ್ಜಿಯೇ ಬೇಕಾಗದಷ್ಟು ಮುಂಚಿತವಾಗಿ ತೆರೆದಿಡುವುದು ಕೆಲಸವನ್ನೂ ಕಡಿಮೆ ಮಾಡುತ್ತದೆ. ಸಹೋದ್ಯೋಗಿಗೆ ಬರೆಯುವ ಇಮೇಲ್ ನಾಳೆ ಪತ್ರಿಕೆಯ ಮುಖಪುಟದಲ್ಲಿ ಬಂದರೂ ತಲೆ ತಗ್ಗಿಸಬೇಕಾಗದ ಹಾಗೆ ಬರೆಯುವ ಅಭ್ಯಾಸವನ್ನು ವಿದ್ಯಾರ್ಥಿಗಳಿಗೆ ಮೊದಲ ವರ್ಷವೇ ಕಲಿಸಬೇಕು.

ಎಲ್ಲಕ್ಕೂ ಹವಾಮಾನವೇ ಕಾರಣವೇ?

ಪ್ರವಾಹ ಬಂದ ಸಂಜೆಯೇ ಟಿವಿಯವರು ಫೋನ್ ಮಾಡಿ, ಇದು ಹವಾಮಾನ ಬದಲಾವಣೆಯಿಂದಲೇ ಅಲ್ಲವೇ ಎಂದು ಕೇಳುತ್ತಾರೆ. ಆ ಕ್ಷಣದಲ್ಲಿ ಹೌದೆಂದು ಬಿಡುವ ಆಸೆಯನ್ನು ತಡೆದುಕೊಳ್ಳಬೇಕು. 2015ರ ಡಿಸೆಂಬರ್‌ನ ಚೆನ್ನೈ ಪ್ರವಾಹವನ್ನು ಅಧ್ಯಯನ ಮಾಡಿದ ಅಂತರರಾಷ್ಟ್ರೀಯ ತಂಡಕ್ಕೆ ಆ ಮಳೆಯಲ್ಲಿ ಮನುಷ್ಯಕೃತ ತಾಪಮಾನ ಏರಿಕೆಯ ಗುರುತು ಸಿಗಲಿಲ್ಲ, ಅವರು ಹಾಗೆಯೇ ಪ್ರಕಟಿಸಿದರು. 2024ರ ಜುಲೈನಲ್ಲಿ ವಯನಾಡಿನ ಗುಡ್ಡ ಕುಸಿತಕ್ಕೆ ಕಾರಣವಾದ ಮಳೆಯನ್ನು ಇದೇ ವಿಧಾನದಿಂದ ನೋಡಿದಾಗ, ಏರಿದ ತಾಪಮಾನದಿಂದ ಅದು ಸುಮಾರು ಶೇ 10ರಷ್ಟು ಹೆಚ್ಚು ತೀವ್ರವಾಯಿತೆಂದೂ, ಅಷ್ಟು ಸಣ್ಣ ಬೆಟ್ಟಸೀಮೆಯಲ್ಲಿ ಕಂಪ್ಯೂಟರ್ ಮಾದರಿಗಳ ಅನಿಶ್ಚಿತತೆ ದೊಡ್ಡದೆಂದೂ ಹೇಳಿದರು. ಕೊಡಗು, ಮಲೆನಾಡಿನಲ್ಲಿ ಕುಸಿತವಾದಾಗ ನಾವೂ ಇದೇ ಕ್ರಮವನ್ನು ಅನುಸರಿಸಬೇಕು: ಮಳೆಯ ಪಾಲು ಎಷ್ಟು, ಇಳಿಜಾರನ್ನು ಕಡಿದು ರಸ್ತೆ ಮತ್ತು ರೆಸಾರ್ಟ್ ಕಟ್ಟಿದ್ದರ ಪಾಲು ಎಷ್ಟು ಎಂದು ಬಿಡಿಸಿ ಹೇಳದಿದ್ದರೆ, ಹೊಣೆಗಾರರಾದ ಮನುಷ್ಯರು ಹವಾಮಾನದ ಹಿಂದೆ ಅಡಗಿಕೊಳ್ಳಲು ವಿಜ್ಞಾನಿಯೇ ಪರದೆ ಹಿಡಿದಂತಾಗುತ್ತದೆ. ಚೆನ್ನೈ ವಿಷಯದಲ್ಲಿ ‘ಸಿಗಲಿಲ್ಲ’ ಎಂದವರ ‘ಸಿಕ್ಕಿದೆ’ ಎಂಬ ಮಾತನ್ನು ವಯನಾಡಿನಲ್ಲಿ ಜನ ನಂಬುತ್ತಾರೆ.

ಹಾಗೆಂದು ಖಚಿತವಾಗಿರುವುದನ್ನು ಹೇಳುವಾಗ ತಡವರಿಸಬಾರದು. ಏರಿಕೆಗೆ ಸೂರ್ಯನೇ ಕಾರಣವಾಗಿದ್ದರೆ ವಾತಾವರಣದ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಅಳತೆಗಳಲ್ಲಿ ಕೆಳಪದರ ಬಿಸಿಯಾಗುತ್ತಿದೆ, ಅದರ ಮೇಲಿನ ಸ್ತರಗೋಳ ತಂಪಾಗುತ್ತಿದೆ. 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಅಳೆಯಲು ತೊಡಗಿದಾಗ ಹತ್ತು ಲಕ್ಷಕ್ಕೆ 315ರಷ್ಟಿದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ದಾಟಿದೆ, ಹೆಚ್ಚಿದ ಆ ಇಂಗಾಲದಲ್ಲಿ ಪಳೆಯುಳಿಕೆ ಇಂಧನದ ಐಸೊಟೋಪು (ಬೇರೆ ಬೇರೆ ತೂಕದ ಇಂಗಾಲದ ಪರಮಾಣುಗಳ ಪ್ರಮಾಣದ) ಗುರುತಿದೆ. ಇವುಗಳನ್ನು ಹೇಳುವಾಗ ‘ಇರಬಹುದು’ ಎಂಬ ಪದ ಸೇರಿಸುವುದು ವಿನಯದಂತೆ ಕಂಡರೂ ಕೇಳುವವರಿಗೆ ಅದರಿಂದ ತಪ್ಪು ತಿಳಿವಳಿಕೆಯೇ ಆಗುತ್ತದೆ.

ಹಣ, ಅಭಿಪ್ರಾಯ, ವಾಗ್ವಾದ

ಅನುದಾನದ ಆಸೆಗೆ ಭಯ ಹುಟ್ಟಿಸುತ್ತೀರಿ ಎಂದವರಿಗೆ ಕೋಪದಿಂದ ಉತ್ತರಿಸಬೇಡಿ. ನಿಮ್ಮ ಸಂಶೋಧನೆಗೆ ಎಲ್ಲಿಂದ ಎಷ್ಟು ಹಣ ಬಂತು, ಅದು ಯಾವುದಕ್ಕೆ ಖರ್ಚಾಯಿತು ಎಂಬ ವಿವರವನ್ನು ನಿಮ್ಮ ಪುಟದಲ್ಲಿ ಹಾಕಿಬಿಡಿ. ಕಲ್ಲಿದ್ದಲು ಸ್ಥಾವರ ಮುಚ್ಚಬೇಕೇ ಎಂದು ಕೇಳಿದರೆ, ಅಲ್ಲಿಯವರೆಗೆ ಹೇಳಿದ್ದು ಅಳತೆಯ ಮಾತು, ಇನ್ನು ಹೇಳುವುದು ಒಬ್ಬ ನಾಗರಿಕನ ಅಭಿಪ್ರಾಯ ಎಂದು ಗೆರೆ ಎಳೆದು ಮುಂದುವರಿಯಿರಿ. ಅಭಿಪ್ರಾಯವೇ ಇಲ್ಲದವರಂತೆ ನಟಿಸುವುದು ಬೇಡ. ಸರ್ಕಾರಿ ಸಂಸ್ಥೆಯಲ್ಲಿದ್ದರೆ ಮಾಧ್ಯಮದ ಮುಂದೆ ಮಾತಾಡಲು ಇರುವ ಸೇವಾ ನಿಯಮಗಳನ್ನು ಮೊದಲೇ ಓದಿಕೊಂಡಿರಿ.

ಸುಳ್ಳೊಂದಕ್ಕೆ ಉತ್ತರ ಬರೆಯುವಾಗ ಶೀರ್ಷಿಕೆಯಲ್ಲೂ ಮೊದಲ ಸಾಲಿನಲ್ಲೂ ಸುಳ್ಳನ್ನು ಬರೆಯಬೇಡಿ, ಓದುಗರ ತಲೆಯಲ್ಲಿ ಅದೇ ಉಳಿಯುತ್ತದೆ. ನಿಜ ಸಂಗತಿಯಿಂದ ಆರಂಭಿಸಿ, ಸುಳ್ಳನ್ನು ಒಂದು ಸಲ ಮಾತ್ರ ಹೇಳಿ, ಅದು ಯಾವ ಕೈಚಳಕದಿಂದ ನಿಜದಂತೆ ಕಾಣುತ್ತದೆಂದು ತೋರಿಸಿ, ಮತ್ತೆ ನಿಜಕ್ಕೆ ಬನ್ನಿ. 1998ರಿಂದ ಬಿಸಿ ಏರಿಲ್ಲ ಎಂಬ ವಾದದ ಕೈಚಳಕ ಎಲ್ ನಿನೊದಿಂದ ಅತಿ ಬಿಸಿಯಾಗಿದ್ದ ಒಂದು ವರ್ಷವನ್ನೇ ಆರಂಭಕ್ಕೆ ಆರಿಸಿಕೊಂಡದ್ದರಲ್ಲಿದೆ; ದಶಕಗಳ ಸರಾಸರಿ ಹಾಕಿದರೆ 1980ರ ನಂತರದ ಪ್ರತಿ ದಶಕವೂ ಹಿಂದಿನದಕ್ಕಿಂತ ಬಿಸಿ. ಟಿವಿಯಲ್ಲಿ ಒಬ್ಬರ ಎದುರು ಒಬ್ಬರನ್ನು ಕೂರಿಸಿ ನಡೆಸುವ ಹತ್ತು ನಿಮಿಷದ ಜಗಳಕ್ಕೆ ಹೋಗಬೇಡಿ, ಅಲ್ಲಿ ಲೆಕ್ಕ ತೋರಿಸಲು ಜಾಗವಿಲ್ಲ. ಒಬ್ಬರೇ ಕುಳಿತು ಪ್ರಶ್ನೆಗಳಿಗೆ ಉತ್ತರಿಸುವ ಕಾರ್ಯಕ್ರಮಕ್ಕೆ ಎಷ್ಟು ದೂರವಾದರೂ ಹೋಗಿ.

ನ್ಯಾಯಾಲಯವೂ ಬಹಳ ನಿಧಾನದ ದಾರಿ. ತಮ್ಮ ಸಂಶೋಧನೆಯನ್ನು ವಂಚನೆ ಎಂದು ಕರೆದವರ ಮೇಲೆ ಅಮೆರಿಕದ ಹವಾಮಾನ ವಿಜ್ಞಾನಿ ಮೈಕೆಲ್ ಮನ್ 2012ರಲ್ಲಿ ಹೂಡಿದ ಮಾನಹಾನಿ ದಾವೆಯಲ್ಲಿ ಜ್ಯೂರಿಯ ತೀರ್ಪು ಬಂದದ್ದು 2024ರಲ್ಲಿ. ಜ್ಯೂರಿ ವಿಧಿಸಿದ್ದ 10 ಲಕ್ಷ ಡಾಲರ್ ದಂಡವನ್ನು ನ್ಯಾಯಾಧೀಶರು ಮರುವರ್ಷ 5 ಸಾವಿರಕ್ಕೆ ಇಳಿಸಿದರು.

ಆದರೆ ಬೆದರಿಕೆ ಬಂದಾಗ ಉತ್ತರ ಕೊಡುವ ಪ್ರಶ್ನೆಯೇ ಇಲ್ಲ. ಪ್ರತಿಯೊಂದು ಸಂದೇಶವನ್ನೂ ದಿನಾಂಕದೊಂದಿಗೆ ಉಳಿಸಿಕೊಂಡು ಸಂಸ್ಥೆಯ ನಿರ್ದೇಶಕರಿಗೆ ಲಿಖಿತವಾಗಿ ತಿಳಿಸಿ, ಅಗತ್ಯವಿದ್ದರೆ ಪೊಲೀಸರಿಗೆ ದೂರು ಕೊಡಿ. ಆರೋಪ ಮಾಡುವವರು ಪ್ರಬಂಧದ ಲೇಖಕರ ಸಾಲಿನಲ್ಲಿ ಕಡಿಮೆ ಅನುಭವಿಯ ಹೆಸರನ್ನು ಹುಡುಕಿ ಅವರಿಗೇ ಮೊದಲು ಬರೆಯುತ್ತಾರೆ, ಏಕೆಂದರೆ ಹೆದರುವವರು ಅವರೇ. ಪಿಎಚ್‌ಡಿ ವಿದ್ಯಾರ್ಥಿಗೆ ಅಂಥ ಪತ್ರ ಬಂದರೆ ಅದನ್ನು ತಮಗೆ ಕಳಿಸಬೇಕೆಂದು ಮಾರ್ಗದರ್ಶಕರು ಮೊದಲೇ ಹೇಳಿಟ್ಟಿರಬೇಕು. ಅಂಕಿಗಳ ವಿವರವನ್ನು ವಿದ್ಯಾರ್ಥಿಯೇ ಸಿದ್ಧಪಡಿಸಲಿ, ಕಲಿಯಲು ಅದು ಒಳ್ಳೆಯ ಅವಕಾಶ. ಉತ್ತರದ ಕೆಳಗಿನ ಸಹಿ ಮಾತ್ರ ಮಾರ್ಗದರ್ಶಕರದ್ದೇ ಆಗಿರಬೇಕು.